ಮನೆಗೆ ಯಾವ ನೆಟ್ ಹಾಕಿಸೋದು: ಸಿಮ್, ಏರ್‌ಫೈಬರ್, ಫೈಬರ್?

"ಕಡ್ಡಿ ನಾಲ್ಕೂ ತುಂಬಿದೆಯಲ್ಲೋ, ಮತ್ತೆ ಯಾಕೆ ಬರೀ ಸುತ್ತುತ್ತಾನೇ ಇರ್ತದೆ?" ಸಾಗರದ ಕಡೆಯ ಹಳ್ಳಿಯಲ್ಲಿರುವ ನನ್ನ ದೊಡ್ಡಮ್ಮ ಜಗಲಿಯಲ್ಲಿ ಕೂತು ಫೋನನ್ನು ನನ್ನ ಮುಂದೆ ಹಿಡಿದು ಕೇಳಿದರು. ಬೆಂಗಳೂರಿನ ಮೊಮ್ಮಗಳ ಮುಖ ವಿಡಿಯೊ ಕಾಲ್‌ನಲ್ಲಿ ಅರ್ಧ ನಗುವಿನಲ್ಲೇ ನಿಂತುಬಿಟ್ಟಿತ್ತು. ಅದೇ ಫೋನ್ ಹಿಡಿದು ಅಡುಗೆಮನೆಗೆ ಹೋದರೆ ಮಾಮೂಲಿ ಕರೆಯೂ ಕಡಿದುಹೋಗುತ್ತಿತ್ತು. ಅಣ್ಣ ಏರ್‌ಫೈಬರ್ (ಚಾವಣಿಯ ಮೇಲಿನ ಪೆಟ್ಟಿಗೆಯಿಂದ ಗಾಳಿಯಲ್ಲೇ ನೆಟ್ ಹಿಡಿಯುವುದು) ಹಾಕಿಸೋಣ ಎನ್ನುತ್ತಿದ್ದ. ಪಕ್ಕದ ಮನೆಯವರು ಕೇಬಲ್‌ನವರ ಫೈಬರ್ ಅಂದರು. ಪೇಟೆಯ ಮೊಬೈಲ್ ಅಂಗಡಿಯವನು ಬೇರೆ ಕಂಪನಿ ಸಿಮ್ ಹಾಕಿ ಸಾಕು ಅಂದ. ಮೂವರೂ ಸುಳ್ಳು ಹೇಳುತ್ತಿರಲಿಲ್ಲ, ಅವರವರ ಮನೆಯಲ್ಲಿ ಅದದೇ ಚೆನ್ನಾಗಿ ನಡೆಯುತ್ತಿತ್ತು.

ಇಂಥ ಹೊತ್ತಿನಲ್ಲಿ ನಾವು ಮೊದಲು ನೋಡುವುದು ಪ್ಲಾನಿನ ದರ. ಮೊದಲು ನೋಡಬೇಕಾದ್ದು ಮನೆ. ಗೋಡೆ ಎಂಥದ್ದು, ಸುತ್ತ ತೋಟವೋ ಬಯಲೋ, ಟವರ್ ಯಾವ ದಿಕ್ಕಿಗೆ, ನಡುವೆ ಗುಡ್ಡ ಇದೆಯೋ. ಇಷ್ಟು ಗೊತ್ತಾದರೆ ಆಯ್ಕೆ ಮುಕ್ಕಾಲು ಪಾಲು ಮುಗಿದ ಹಾಗೆ. ಅದಕ್ಕಾಗಿ ತರಂಗಗಳ ಬಗ್ಗೆ ಒಂದಿಷ್ಟು ತಿಳಿದಿರಬೇಕು, ಅಷ್ಟೇ.

ಕಡ್ಡಿ ಏನು ಹೇಳುತ್ತದೆ

ದೊಡ್ಡಮ್ಮನ ಒಂದು ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ. ಫೋನಿನ ಮೇಲಿನ ಕಡ್ಡಿಗಳು ಹೇಳುವುದು ಟವರ್‌ನ ದನಿ ನಿಮಗೆ ಎಷ್ಟು ಜೋರಾಗಿ ಕೇಳುತ್ತಿದೆ ಎಂಬುದನ್ನು ಮಾತ್ರ. ಆ ಟವರ್‌ನಿಂದ ಅದೇ ಕ್ಷಣದಲ್ಲಿ ಎಷ್ಟು ಜನ ನೆಟ್ ಎಳೆಯುತ್ತಿದ್ದಾರೆ, ಟವರ್‌ನಿಂದ ಮುಂದಕ್ಕೆ ಹೋಗುವ ದಾರಿ ಎಷ್ಟು ಅಗಲವಿದೆ ಎಂಬುದನ್ನು ಕಡ್ಡಿ ಹೇಳುವುದಿಲ್ಲ. ಹಾಗಾಗಿ ಕಡ್ಡಿ ತುಂಬಿದ್ದೂ ವಿಡಿಯೊ ಸುತ್ತುತ್ತಿದ್ದರೆ ತೊಂದರೆ ಟವರ್‌ನ ಕಡೆಗಿದೆ. ಕಡ್ಡಿಯೇ ಇಲ್ಲದಿದ್ದರೆ ತೊಂದರೆ ನಿಮ್ಮ ಮನೆಯ ಕಡೆಗಿದೆ. ಮೊದಲನೆಯದಕ್ಕೆ ಕಂಪನಿ ಬದಲಿಸಬೇಕು ಇಲ್ಲವೇ ಫೈಬರ್‌ಗೆ ಹೋಗಬೇಕು. ಎರಡನೆಯದಕ್ಕೆ ಚಾವಣಿಯ ಮೇಲೆ ಆಂಟೆನಾ ಇಟ್ಟರೂ ದಾರಿ ಸಿಗಬಹುದು.

ಕಡ್ಡಿಗಿಂತ ನಿಖರವಾದ ಲೆಕ್ಕವೂ ಫೋನಿನಲ್ಲೇ ಇದೆ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್ ಒಳಗೆ ಸಿಮ್ ಸ್ಟೇಟಸ್ ಎಂದು ಹುಡುಕಿದರೆ ಸಿಗ್ನಲ್ ಸ್ಟ್ರೆಂತ್ ಎಂಬ ಸಾಲು ಸಿಗುತ್ತದೆ. ಅಲ್ಲಿ ಮೈನಸ್ 95 ಡಿಬಿಎಂ ಎಂಬಂಥ ಸಂಖ್ಯೆ ಇರುತ್ತದೆ, ಡಿಬಿಎಂ ಎಂದರೆ ಸಿಗ್ನಲ್‌ನ ಶಕ್ತಿಯ ಅಳತೆ. 4ಜಿಯಲ್ಲಿ ಮೈನಸ್ 80ರ ಸುತ್ತ ಇದ್ದರೆ ಗಟ್ಟಿ ಸಿಗ್ನಲ್, ಮೈನಸ್ 100 ಆದರೆ ನಡೆಯುತ್ತದೆ, 110 ದಾಟಿದರೆ ಪರದಾಟ, 120ರ ಹತ್ತಿರ ಹೋದರೆ ಇಲ್ಲವೆಂದೇ ಲೆಕ್ಕ. ಈ ಲೆಕ್ಕ ನಮ್ಮ ರೂಢಿಯ ಲೆಕ್ಕವಲ್ಲ: ಮೂರು ಡಿಬಿಎಂ ಇಳಿದರೆ ಶಕ್ತಿ ಅರ್ಧವಾಗುತ್ತದೆ, ಹತ್ತು ಇಳಿದರೆ ಹತ್ತನೇ ಒಂದು ಪಾಲು ಉಳಿಯುತ್ತದೆ. ದೊಡ್ಡಮ್ಮನ ಜಗಲಿಯಲ್ಲಿ ಮೈನಸ್ 94 ಇತ್ತು, ಅಡುಗೆಮನೆಯಲ್ಲಿ ಮೈನಸ್ 114. ನಡುವೆ ಇದ್ದದ್ದು ಒಂದೂವರೆ ಅಡಿ ದಪ್ಪದ ಎರಡು ಮಣ್ಣಿನ ಗೋಡೆ. ಆ ಎರಡು ಗೋಡೆಗಳು ಸಿಗ್ನಲ್‌ನ ನೂರರಲ್ಲಿ ತೊಂಬತ್ತೊಂಬತ್ತು ಪಾಲನ್ನು ನುಂಗಿಹಾಕಿದ್ದವು.

ಉದ್ದ ಅಲೆ, ಗಿಡ್ಡ ಅಲೆ

ಮೊಬೈಲಿನ ತರಂಗಗಳೆಲ್ಲ ಒಂದೇ ಬಗೆಯವಲ್ಲ. ಅಲೆ ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಎಂಬುದರ ಅಳತೆ ಮೆಗಾಹರ್ಟ್ಸ್, ಅದು ಹೆಚ್ಚಿದಷ್ಟೂ ಅಲೆ ಗಿಡ್ಡ. ನಮ್ಮಲ್ಲಿ 4ಜಿ ಮತ್ತು 5ಜಿ 700 ಮೆಗಾಹರ್ಟ್ಸ್‌ನಿಂದ ಹಿಡಿದು 3,600 ಮೆಗಾಹರ್ಟ್ಸ್‌ನ ಆಚೀಚೆವರೆಗೆ ಹರಡಿಕೊಂಡಿವೆ. 700ರ ಅಲೆ ಸುಮಾರು 43 ಸೆಂಟಿಮೀಟರ್ ಉದ್ದ, ಹೆಚ್ಚುಕಡಿಮೆ ಒಂದು ಮೊಳ. 2,300ರ ಅಲೆ 13 ಸೆಂಟಿಮೀಟರ್, ಅಂದರೆ ಗೇಣಿಗಿಂತ ಚಿಕ್ಕದು. 5ಜಿಯ ಮುಖ್ಯ ಬ್ಯಾಂಡಾದ, ಅಂದರೆ ಅದಕ್ಕೆ ಕೊಟ್ಟ ತರಂಗಗಳ ಪಟ್ಟಿಯಾದ, 3,300ರಿಂದ 3,670ರವರೆಗಿನ ಅಲೆ ಎಂಟೊಂಬತ್ತು ಸೆಂಟಿಮೀಟರ್ ಅಷ್ಟೆ. ಉದ್ದ ಅಲೆ ದೂರ ಹೋಗುತ್ತದೆ, ಗುಡ್ಡದ ಅಂಚನ್ನು ತುಸು ಬಳಸಿ ಇಳಿಯುತ್ತದೆ, ಗೋಡೆಯಲ್ಲಿ ಹೆಚ್ಚು ಸೊರಗದೆ ಒಳಗೆ ಬರುತ್ತದೆ. ಗಿಡ್ಡ ಅಲೆಗೆ ಗೋಡೆ, ಎಲೆ, ಮಳೆಗೆ ನೆನೆದ ಮರ ಎಲ್ಲವೂ ಅಡ್ಡಿ.

ಹಾಗಿದ್ದರೆ ಎಲ್ಲರೂ ಉದ್ದ ಅಲೆಯನ್ನೇ ಯಾಕೆ ಬಳಸುವುದಿಲ್ಲ? ಅಲ್ಲಿ ಜಾಗ ಕಡಿಮೆ. ಉದಾಹರಣೆಗೆ ಜಿಯೊ ಬಳಿ 700ರಲ್ಲಿ ಇರುವುದು ಹೋಗಲು 10, ಬರಲು 10 ಮೆಗಾಹರ್ಟ್ಸ್. 3,300ರ ಬ್ಯಾಂಡಿನಲ್ಲಿ ಕಡಿಮೆಯೆಂದರೂ 100. ತೋಟಕ್ಕೆ ನೀರು ಬಿಡುವ ಪೈಪಿನ ಹಾಗೆ ಯೋಚಿಸಿ: ಒಂದು ಸಣ್ಣ ಪೈಪು, ಆದರೆ ತೋಟದ ಕೊನೆಯವರೆಗೂ ಎಳೆದದ್ದು, ಇನ್ನೊಂದು ದೊಡ್ಡ ಪೈಪು, ಬಾವಿಯ ಹತ್ತಿರದಲ್ಲೇ ಮುಗಿಯುವಂಥದ್ದು. ಫೋನಿನ ಮೇಲೆ ಎರಡಕ್ಕೂ ಕಾಣುವುದು 5ಜಿ ಎಂಬ ಒಂದೇ ಗುರುತು. ಒಬ್ಬರ ಮನೆಯಲ್ಲಿ 5ಜಿ ಎಂದರೆ 400 ಎಂಬಿಪಿಎಸ್ (ಸೆಕೆಂಡಿಗೆ ಇಷ್ಟು ಮೆಗಾಬಿಟ್ ಎಂಬ ವೇಗದ ಲೆಕ್ಕ), ಇನ್ನೊಬ್ಬರ ಮನೆಯಲ್ಲಿ 4ಜಿಯಷ್ಟೇ ಎಂಬುದರ ಗುಟ್ಟು ಬಹಳ ಸಲ ಇದೇ. ಜಾಹೀರಾತಿನ ಆ ಎರಡು ಅಕ್ಷರ ನೋಡಿ ದುಡ್ಡು ಕೊಡಬೇಡಿ.

ಎಲೆಯ ವಿಷಯ ಮಲೆನಾಡಿನವರು, ಕೊಡಗಿನವರು, ಕರಾವಳಿಯ ತೋಟದ ಮನೆಯವರು ಮನಸ್ಸಿನಲ್ಲಿ ಇಟ್ಟುಕೊಳ್ಳಲೇಬೇಕು. ಗಿಡ್ಡ ಅಲೆಗಳನ್ನು ನೀರು ಚೆನ್ನಾಗಿ ಹೀರುತ್ತದೆ, ಎಲೆ ಎಂದರೆ ಹೆಚ್ಚಿನ ಪಾಲು ನೀರೇ. ಏಪ್ರಿಲ್‌ನಲ್ಲಿ ಪರೀಕ್ಷೆ ಮಾಡಿ ಚೆನ್ನಾಗಿದೆ ಎಂದು ಹಾಕಿಸಿದ ಸಂಪರ್ಕ ಜೂನ್ ಕೊನೆಗೆ ಮಂಕಾಗುವುದು ಇದಕ್ಕೇ. ಅಡಿಕೆ ತೋಟ ಮೈತುಂಬ ನೆನೆದು ನಿಂತಿರುವಾಗ ಅದರ ಹಿಂದಿರುವ ಮನೆಗೆ 2,300 ಅಥವಾ 3,300ರ ಅಲೆ ಬಂದು ತಲುಪುವ ಹೊತ್ತಿಗೆ ಅದರಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ.

ಟವರ್‌ನ ಕಡೆ ಒಮ್ಮೆ ಕತ್ತೆತ್ತಿ ನೋಡಿ

ಪೇಟೆಗೆ ಹೋಗುವಾಗ ನಿಮ್ಮೂರಿನ ಟವರ್‌ನ ಬುಡದಲ್ಲಿ ಎರಡು ನಿಮಿಷ ನಿಲ್ಲಿ. ತುದಿಯಲ್ಲಿ ಆಳೆತ್ತರದ ಚಪ್ಪಟೆ ಪೆಟ್ಟಿಗೆಗಳು ಮೂರು ದಿಕ್ಕಿಗೆ ಮುಖ ಮಾಡಿರುತ್ತವೆ. ನಿಮ್ಮ ಫೋನಿನ ಜೊತೆ ಮಾತಾಡುವುದು ಅವು. ಒಂದೊಂದು ದಿಕ್ಕು ಸುಮಾರು 120 ಡಿಗ್ರಿ ನೋಡಿಕೊಳ್ಳುತ್ತದೆ, ಆ ದಿಕ್ಕಿನಲ್ಲಿರುವ ಎಲ್ಲ ಫೋನುಗಳೂ ಇರುವಷ್ಟು ವೇಗವನ್ನು ಹಂಚಿಕೊಳ್ಳಬೇಕು. ಅದರ ಕೆಳಗೆ ಡೋಲಿನ ಹಾಗೆ ಗುಂಡಗಿನ ಒಂದು ವಸ್ತು ಕಂಡರೆ ಅದು ಮೈಕ್ರೋವೇವ್ ಡಿಶ್. ಈ ಟವರ್ ಮುಂದಿನ ಟವರ್‌ಗೆ ಗಾಳಿಯಲ್ಲೇ ಸುದ್ದಿ ದಾಟಿಸುತ್ತಿದೆ ಎಂದರ್ಥ. ಟವರ್‌ಗೆ ನೆಲದಡಿಯಿಂದ ಫೈಬರ್ ಬಂದಿದ್ದರೆ ಅದರ ದಾರಿ ಬಲು ಅಗಲ. ಡೋಲನ್ನೇ ನಂಬಿದ ಟವರ್‌ನಲ್ಲಿ ಸಂಜೆ ಎಂಟು ಗಂಟೆಗೆ ಇಡೀ ಊರು ಕ್ರಿಕೆಟ್ ನೋಡಲು ಕೂತರೆ ಎಲ್ಲರದ್ದೂ ಸುತ್ತತೊಡಗುತ್ತದೆ. ದೊಡ್ಡಮ್ಮನ ವಿಡಿಯೊ ಕಾಲ್ ನಿಲ್ಲುತ್ತಿದ್ದದ್ದೂ ಸರಿಯಾಗಿ ಆ ಹೊತ್ತಿಗೇ. ಬೆಳಿಗ್ಗೆ ಆರಕ್ಕೆ ಅದೇ ಜಗಲಿಯಲ್ಲಿ 22 ಎಂಬಿಪಿಎಸ್ ಬರುತ್ತಿತ್ತು, ರಾತ್ರಿ ಎಂಟಕ್ಕೆ ಒಂದೂ ಇಲ್ಲ. ಸಿಗ್ನಲ್ ಮಾತ್ರ ಎರಡು ಹೊತ್ತಿಗೂ ಅಷ್ಟೇ.

ಇನ್ನೊಂದು ಮಾತು: ಮನೆಯಿಂದ ಟವರ್ ಕಾಣುತ್ತದೆ ಎಂದಾಕ್ಷಣ ಅದು ನಿಮ್ಮ ಸಿಮ್ಮಿನ ಟವರ್ ಎಂದು ತಿಳಿಯಬೇಡಿ. ಒಂದೇ ಟವರ್‌ನಲ್ಲಿ ಮೂರು ಕಂಪನಿ ಇರಬಹುದು, ಒಂದೇ ಇರಬಹುದು.

ಬರೀ ಸಿಮ್‌ನಲ್ಲೇ ಸಾಗಿಸುವುದು

ಮನೆಯಲ್ಲಿ ಒಬ್ಬರೋ ಇಬ್ಬರೋ ಇದ್ದು, ವಾಟ್ಸಾಪ್, ಸುದ್ದಿ, ಆಗಾಗ ವಿಡಿಯೊ ಕಾಲ್ ಇಷ್ಟೇ ಇದ್ದರೆ ಬೇರೆ ಏನೂ ಹಾಕಿಸಬೇಕಾಗಿಲ್ಲ. ದಿನಕ್ಕೆ ಒಂದೂವರೆ ಎರಡು ಜಿಬಿ ಸಾಕು. ಮಕ್ಕಳ ಆನ್‌ಲೈನ್ ತರಗತಿ ಗಂಟೆಗೆ ಸುಮಾರು ಅರ್ಧದಿಂದ ಒಂದು ಜಿಬಿ ತಿನ್ನುತ್ತದೆ. ಟಿವಿಯಲ್ಲಿ ಎಚ್‌ಡಿ ಸಿನಿಮಾ ನೋಡತೊಡಗಿದರೆ ಮಾತ್ರ ಲೆಕ್ಕ ಬೇರೆ: 5 ಎಂಬಿಪಿಎಸ್ ಎಂದುಕೊಂಡರೂ ಗಂಟೆಗೆ ಎರಡು ಕಾಲು ಜಿಬಿ. ಎಂಬಿಪಿಎಸ್ ಎಂಬುದು ಬಿಟ್‌ನ ಲೆಕ್ಕ, ಜಿಬಿ ಬೈಟ್‌ನ ಲೆಕ್ಕ, ನಡುವೆ ಎಂಟರಿಂದ ಭಾಗಿಸಬೇಕು ಎಂಬುದನ್ನು ಮರೆತು ಬಹಳ ಜನ ಮೋಸಹೋಗುತ್ತಾರೆ.

ಯಾವ ಕಂಪನಿ ಎಂದು ನನ್ನನ್ನು ಕೇಳಬೇಡಿ, ನಿಮ್ಮ ಅಡುಗೆಮನೆಯನ್ನು ಕೇಳಿ. ಬೇರೆ ಬೇರೆ ಕಂಪನಿಯ ಸಿಮ್ ಇರುವ ಇಬ್ಬರು ನೆಂಟರು ಬಂದಾಗ ಅವರ ಫೋನ್ ತೆಗೆದುಕೊಂಡು ಬಾಗಿಲು ಹಾಕಿದ ಕೋಣೆಗಳಲ್ಲಿ ಡಿಬಿಎಂ ನೋಡಿ ಬರೆದಿಡಿ, ಸಂಜೆ ಎಂಟಕ್ಕೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ಮೈಸ್ಪೀಡ್ ಆ್ಯಪ್‌ನಲ್ಲಿ ವೇಗ ನೋಡಿ. ಕಂಪನಿಗಳು ತಮ್ಮ ವೆಬ್‌ಸೈಟಿನಲ್ಲಿ ಕವರೇಜ್ ನಕ್ಷೆ ಹಾಕಿವೆ, ಅದನ್ನೂ ನೋಡಿ. ಆದರೆ ಆ ನಕ್ಷೆಗೆ ನಿಮ್ಮ ಮಣ್ಣಿನ ಗೋಡೆ ಗೊತ್ತಿಲ್ಲ.

ಹಿರಿಯರ ಕೈಯಲ್ಲಿ ಹಳೆಯ ಬಟನ್ ಫೋನ್ ಇದ್ದರೆ ಒಂದು ಎಚ್ಚರ. ಜಿಯೊಗೆ 2ಜಿ ಇಲ್ಲವೇ ಇಲ್ಲ, 2016ರಲ್ಲಿ ಶುರುವಾದದ್ದೇ 4ಜಿಯಿಂದ. ಹಾಗಾಗಿ 2ಜಿ ಬಟನ್ ಫೋನಿನಲ್ಲಿ ಆ ಸಿಮ್ ನಡೆಯುವುದಿಲ್ಲ, 4ಜಿ ಇರುವ ಬಟನ್ ಫೋನೇ ಬೇಕು. ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿಯನ್ನು 2025ರ ಸೆಪ್ಟೆಂಬರ್ 27ರಂದು ಪ್ರಧಾನಿ ದೇಶಕ್ಕೆ ಒಪ್ಪಿಸಿದರು. ಅದರ ಟವರ್‌ನ ರೇಡಿಯೊ ಉಪಕರಣ ಮಾಡಿದ ತೇಜಸ್ ನೆಟ್‌ವರ್ಕ್ಸ್ ನಮ್ಮ ಬೆಂಗಳೂರಿನದು, ಇದು ನನಗೆ ನಿಜವಾಗಿ ಹೆಮ್ಮೆಯ ವಿಷಯ. ಈ 4ಜಿ 700ರ ಬ್ಯಾಂಡನ್ನೂ ಬಳಸುತ್ತದೆ, ಆದರೆ ಹಳೆಯ ಕೆಲವು ಫೋನುಗಳಲ್ಲಿ ಆ ಬ್ಯಾಂಡ್ ಇರುವುದಿಲ್ಲ. ಫೋನಿನ ವಿವರದಲ್ಲಿ ಬ್ಯಾಂಡ್ 28 ಇದೆಯೋ ನೋಡಿಕೊಂಡು ಸಿಮ್ ಬದಲಿಸಿ.

ನಂಬರ್ ಬಿಡದೆ ಕಂಪನಿ ಬದಲಿಸಲು ಪೋರ್ಟ್ ಎಂದು ಟೈಪ್ ಮಾಡಿ, ಜಾಗ ಬಿಟ್ಟು ನಿಮ್ಮ ನಂಬರ್ ಹಾಕಿ 1900ಕ್ಕೆ ಎಸ್‌ಎಂಎಸ್ ಕಳಿಸಿದರೆ ಒಂದು ಕೋಡ್ ಬರುತ್ತದೆ. ಪೋರ್ಟ್ ಪದವನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು. ನಮ್ಮ ರಾಜ್ಯದಲ್ಲಿ ಆ ಕೋಡಿನ ಆಯುಸ್ಸು ನಾಲ್ಕು ದಿನ.

ಪೇಟೆಯಲ್ಲಿ ಬೂಸ್ಟರ್ ಎಂದು ಒಂದು ಪೆಟ್ಟಿಗೆ ಮಾರುತ್ತಾರೆ. ತೆಗೆದುಕೊಳ್ಳಬೇಡಿ. ಅನುಮತಿಯಿಲ್ಲದೆ ಅದನ್ನು ಹಾಕುವುದು ಕಾನೂನಿಗೆ ವಿರುದ್ಧ, ಮೇಲಾಗಿ ಅದು ಟವರ್‌ಗೆ ಗದ್ದಲ ತುಂಬಿ ಅಕ್ಕಪಕ್ಕದವರ ನೆಟ್‌ವರ್ಕನ್ನೂ ಕೆಡಿಸುತ್ತದೆ.

ಏರ್‌ಫೈಬರ್

ಹೆಸರಿನಲ್ಲಿ ಫೈಬರ್ ಇದೆ, ಮನೆಗೆ ಬರುವ ದಾರಿಯಲ್ಲಿ ಫೈಬರ್ ಇಲ್ಲ. ಚಾವಣಿಯ ಮೇಲೆ ಒಂದು ಪೆಟ್ಟಿಗೆ ಕೂರಿಸುತ್ತಾರೆ, ಅದು ಟವರ್‌ನಿಂದ 5ಜಿ ಹಿಡಿಯುತ್ತದೆ, ಅಲ್ಲಿಂದ ಒಂದು ಕೇಬಲ್ ಒಳಗೆ ಬಂದು ವೈಫೈ ಪೆಟ್ಟಿಗೆಗೆ ಸೇರುತ್ತದೆ. ಏರ್‌ಟೆಲ್, ಜಿಯೊ ಎರಡೂ 2023ರಲ್ಲಿ ಇದನ್ನು ಶುರು ಮಾಡಿದವು. ಇದರ ದೊಡ್ಡ ಗುಣ, ಗೋಡೆಯ ಸಮಸ್ಯೆಯನ್ನು ಅದು ಬುಡದಲ್ಲೇ ಬಿಡಿಸುತ್ತದೆ: ಆಂಟೆನಾ ಹೊರಗೆ, ಎತ್ತರದಲ್ಲಿ. ಎರಡು ದಿನದಲ್ಲಿ ಹಾಕಿ ಮುಗಿಯುತ್ತದೆ, ಕಂಬ ಬೇಡ, ರಸ್ತೆ ಅಗೆಯುವುದು ಬೇಡ. ಬಾಡಿಗೆ ಮನೆಯವರಿಗೆ, ಪಟ್ಟಣದ ಹೊಸ ಬಡಾವಣೆಯವರಿಗೆ, ಬಯಲುಸೀಮೆಯಲ್ಲಿ ಟವರ್ ಕಣ್ಣಿಗೆ ಕಾಣುವ ಮನೆಯವರಿಗೆ ನಾನು ಇದನ್ನೇ ಹೇಳುತ್ತೇನೆ.

ಟವರ್‌ನ ಹಂಚಿಕೆ ಮಾತ್ರ ಇಲ್ಲೂ ತಪ್ಪಿದ್ದಲ್ಲ. ಕರೆಂಟ್ ಹೋದರೆ ನಿಮ್ಮ ಪೆಟ್ಟಿಗೆಗೂ ಕರೆಂಟ್ ಬೇಕು, ಟವರ್‌ಗೂ ಬೇಕು. ಟವರ್‌ನ ಬ್ಯಾಟರಿ ಕೆಲವು ಗಂಟೆ ಎಳೆಯುತ್ತದೆ, ಆಮೇಲೆ ಡೀಸೆಲ್ ಇದ್ದರೆ ಉಂಟು. ತಿಂಗಳಿಗೆ ಸಾಮಾನ್ಯವಾಗಿ 1,000 ಜಿಬಿಯ ಮಿತಿ ಇರುತ್ತದೆ, ಮನೆಗೆ ಅದು ಧಾರಾಳ. ಹಾಕಲು ಬಂದ ಹುಡುಗನಿಗೆ ಒಂದೇ ಮಾತು ಹೇಳಿ: "ಮಾರಾಯ, ಮೊಳೆ ಹೊಡೆಯುವ ಮೊದಲು ಚಾವಣಿಯ ನಾಲ್ಕು ಮೂಲೆಯಲ್ಲೂ ಸಿಗ್ನಲ್ ನೋಡು." ಮೂರು ಅಡಿ ಆಚೀಚೆ ಆದರೂ ವ್ಯತ್ಯಾಸ ಬರುತ್ತದೆ.

ಫೈಬರ್

ತೋಟದ ಮನೆಗೆ, ಮನೆಯಿಂದ ಕೆಲಸ ಮಾಡುವವರಿಗೆ, ಓದುವ ಮಕ್ಕಳಿರುವ ಮನೆಗೆ, ದಾರಿ ಇದ್ದರೆ ಫೈಬರ್. ಇದರಲ್ಲಿ ನನಗೆ ಅನುಮಾನವಿಲ್ಲ. ಕೂದಲಿನಂಥ ಗಾಜಿನ ಎಳೆಯಲ್ಲಿ ಬೆಳಕು ಹೋಗುತ್ತದೆ. ಆ ಬೆಳಕಿಗೆ ಗುಡ್ಡ ಇಲ್ಲ, ಎಲೆ ಇಲ್ಲ, ಜೂನ್ ಇಲ್ಲ. ಹಂಚಿಕೆ ಇಲ್ಲಿಯೂ ಉಂಟು, ಒಂದು ಎಳೆಯನ್ನು ಸಾಮಾನ್ಯವಾಗಿ 32 ಅಥವಾ 64 ಮನೆಗಳಿಗೆ ಒಡೆಯುತ್ತಾರೆ. ಆದರೆ ಹಂಚಿಕೊಳ್ಳುವ ಒಟ್ಟು ಮೊತ್ತ ಸೆಕೆಂಡಿಗೆ ಸುಮಾರು ಎರಡೂವರೆ ಗಿಗಾಬಿಟ್.

ಬಹಳ ಜನಕ್ಕೆ ತಿಳಿಯದ ಒಂದು ಗುಣ ಇದೆ. ಕಂಪನಿಯ ಎಕ್ಸ್‌ಚೇಂಜಿನಿಂದ, ಅಂದರೆ ಎಳೆ ಹೊರಡುವ ಕೇಂದ್ರದಿಂದ, ನಿಮ್ಮ ಮನೆಯವರೆಗೆ ದಾರಿಯಲ್ಲಿ ಎಲ್ಲಿಯೂ ಈ ಎಳೆಗೆ ಕರೆಂಟ್ ಬೇಡ. ಬೆಳಕನ್ನು ಒಡೆಯುವ ಪೆಟ್ಟಿಗೆಯೂ ಬರೀ ಗಾಜು. ಊರಿಗೆ ಊರೇ ಕತ್ತಲಾಗಿದ್ದರೂ ಎಕ್ಸ್‌ಚೇಂಜಿನಲ್ಲಿ ಕರೆಂಟ್ ಇದ್ದು, ನಿಮ್ಮ ಮನೆಯ ಪೆಟ್ಟಿಗೆಗೆ 12 ವೋಲ್ಟಿನ ಸಣ್ಣ ಯುಪಿಎಸ್ ಇದ್ದರೆ ನೆಟ್ ನಡೆಯುತ್ತಿರುತ್ತದೆ. ಮಳೆಗಾಲದಲ್ಲಿ ಎರಡು ಮೂರು ದಿನ ಕರೆಂಟ್ ಇಲ್ಲದ ಊರಿನಲ್ಲಿ ಇದರ ಬೆಲೆ ಏನೆಂದು ಅಲ್ಲಿದ್ದವರಿಗೇ ಗೊತ್ತು.

ತೊಂದರೆ ಬರುವುದು ಮರ ಬಿದ್ದಾಗ. ಕಂಬದಿಂದ ಕಂಬಕ್ಕೆ, ಅಡಿಕೆ ಮರದಿಂದ ಮರಕ್ಕೆ ಕಟ್ಟಿ ತಂದ ಕೇಬಲ್ ಗಾಳಿಗೆ ಹರಿದರೆ ಪೆಟ್ಟಿಗೆಯ ಮೇಲೆ ಎಲ್‌ಒಎಸ್ ಎಂಬ ಕೆಂಪು ದೀಪ ಮಿಣುಕುತ್ತದೆ. ಆ ಕೆಂಪು ದೀಪ ಕಂಡರೆ ಪೆಟ್ಟಿಗೆಯನ್ನು ಆರಿಸಿ ಹಾಕುತ್ತಾ ಕೂರಬೇಡಿ, ಬೆಳಕೇ ಬರುತ್ತಿಲ್ಲ ಎಂದರ್ಥ, ನೇರ ಕೇಬಲ್‌ನವರಿಗೆ ಫೋನ್ ಮಾಡಿ. ಗಾಜನ್ನು ಬೆಸೆಯಲು ಸ್ಪ್ಲೈಸಿಂಗ್ ಯಂತ್ರ ಬೇಕು, ಅದನ್ನು ಹಿಡಿದ ಮನುಷ್ಯ ನಿಮ್ಮೂರಿಗೆ ಬರುವುದು ಯಾವಾಗ ಎಂಬುದೇ ಮುಖ್ಯ ಪ್ರಶ್ನೆ. ಹಾಗಾಗಿ ಫೈಬರ್ ಆರಿಸುವಾಗ ಕಂಪನಿಯ ಹೆಸರಿಗಿಂತ ಊರಿನ ಕೇಬಲ್‌ನವನ ಹೆಸರು ಕೇಳಿಕೊಳ್ಳಿ. ಹೋದ ಮಳೆಗಾಲದಲ್ಲಿ ಎಷ್ಟು ಸಲ ಕಡಿಯಿತು, ಎಷ್ಟು ದಿನಕ್ಕೆ ಸರಿಯಾಯಿತು ಎಂದು ಅವನ ಗಿರಾಕಿಗಳನ್ನು ವಿಚಾರಿಸಿ. ನನ್ನ ಒಬ್ಬ ಸ್ನೇಹಿತ ಇದನ್ನು ಕೇಳದೆ ದೊಡ್ಡ ಹೆಸರು ನೋಡಿ ಹಾಕಿಸಿಕೊಂಡು ಆಗಸ್ಟ್‌ನಲ್ಲಿ ಹನ್ನೊಂದು ದಿನ ಕೆಂಪು ದೀಪ ನೋಡುತ್ತಾ ಕೂತ.

ಗುಡುಗು ಶುರುವಾದರೆ ಪೆಟ್ಟಿಗೆಯ ಪ್ಲಗ್ ಕೀಳಿ. ಗಾಜಿನಲ್ಲಿ ಸಿಡಿಲು ಹರಿಯುವುದಿಲ್ಲ, ಆದರೆ ಕರೆಂಟಿನ ವೈರಿನಲ್ಲಿ ಬರುತ್ತದೆ. ಕೇಬಲ್‌ಗೆ ಆಸರೆಯಾಗಿರುವ ಉಕ್ಕಿನ ತಂತಿಯನ್ನು ಮನೆಯ ಹೊರಗೇ ಕಡಿದು ನಿಲ್ಲಿಸಿದ್ದಾರೋ ಎಂದೂ ನೋಡಿ.

ಉಪಗ್ರಹದ ನೆಟ್

ಹಾಸನದಲ್ಲಿರುವ ಇಸ್ರೊದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ನೋಡಿಕೊಳ್ಳುವಂಥ ಸಂಪರ್ಕ ಉಪಗ್ರಹಗಳು ಇರುವುದು ಸುಮಾರು 36,000 ಕಿಲೋಮೀಟರ್ ಮೇಲೆ. ಮಾತು ಹೋಗಿ ಉತ್ತರ ಬರುವಷ್ಟರಲ್ಲಿ ಬೆಳಕಿನ ವೇಗದಲ್ಲೂ ಅರ್ಧ ಸೆಕೆಂಡ್ ಹಿಡಿಯುತ್ತದೆ, ವಿಡಿಯೊ ಕಾಲ್‌ನಲ್ಲಿ ಒಬ್ಬರ ಮಾತಿನ ಮೇಲೆ ಒಬ್ಬರು ಬೀಳುತ್ತಾರೆ. ಸ್ಟಾರ್‌ಲಿಂಕ್‌ನಂಥವು ಐನೂರು ಕಿಲೋಮೀಟರ್ ಆಚೀಚಿನ ಎತ್ತರದಲ್ಲಿರುವುದರಿಂದ ಆ ತೊಂದರೆ ಇಲ್ಲ; ಅದಕ್ಕೆ ಭಾರತದ ಪರವಾನಗಿ ಸಿಕ್ಕಿದ್ದು 2025ರ ಜೂನ್‌ನಲ್ಲಿ. ಆದರೆ ಡಿಶ್‌ಗೆ ಬಿಚ್ಚು ಆಕಾಶ ಬೇಕು, ತೋಟದ ನಡುವಿನ ಅಂಗಳದಲ್ಲಿ ಅದು ಸುಲಭವಲ್ಲ. ಟವರೂ ಇಲ್ಲದ, ಕೇಬಲೂ ಬಾರದ ಮನೆಗೆ ಮಾತ್ರ ಇದರ ಯೋಚನೆ ಮಾಡಿ.

ಮನೆಯೊಳಗಿನ ಕೊನೆಯ ಇಪ್ಪತ್ತು ಅಡಿ

ಯಾವುದನ್ನೇ ಹಾಕಿಸಿದರೂ ಕೊನೆಗೆ ಫೋನಿಗೆ ಬರುವುದು ವೈಫೈ, ಅದೂ ತರಂಗವೇ. ವೈಫೈ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಎರಡು ಹೆಸರು ಕಾಣುತ್ತವೆ. 2.4 ಗಿಗಾಹರ್ಟ್ಸ್‌ನದು ನಿಧಾನ, ಆದರೆ ಹಿತ್ತಲವರೆಗೆ ಹೋಗುತ್ತದೆ. 5 ಗಿಗಾಹರ್ಟ್ಸ್‌ನದು ಚುರುಕು, ಒಂದು ದಪ್ಪ ಗೋಡೆಗೇ ದಣಿಯುತ್ತದೆ. ವೈಫೈಯ 5 ಬೇರೆ, ಮೊಬೈಲಿನ 5ಜಿ ಬೇರೆ, ಎರಡಕ್ಕೂ ಸಂಬಂಧವಿಲ್ಲ. ಟಿವಿ ಇರುವ ಕೋಣೆಯಲ್ಲೇ ಪೆಟ್ಟಿಗೆ ಇದ್ದರೆ ಟಿವಿಯನ್ನು 5ಕ್ಕೆ, ದೂರದ ಕೋಣೆಯ ಫೋನನ್ನು 2.4ಕ್ಕೆ ಸೇರಿಸಿ. ಪೆಟ್ಟಿಗೆಯನ್ನು ಕಬ್ಬಿಣದ ಬೀರುವಿನ ಹಿಂದೆ, ಫ್ರಿಜ್ಜಿನ ಪಕ್ಕ ಇಡಬೇಡಿ; ಮನೆಯ ನಡುವೆ, ಆಳೆತ್ತರಕ್ಕೆ ಕೂರಿಸಿ. ಹಳೆಯ ತೊಟ್ಟಿ ಮನೆಗಳಿಗೆ ಒಂದು ಪೆಟ್ಟಿಗೆ ಸಾಲದು. ಅಲ್ಲಿ ಅಟ್ಟದ ಮೇಲಿಂದ ಲ್ಯಾನ್ ಕೇಬಲ್ ಎಳೆದು ಆ ತುದಿಗೆ ಇನ್ನೊಂದು ಪೆಟ್ಟಿಗೆ ಇಡಿ, ನೂರು ಮೀಟರ್‌ವರೆಗೆ ಆ ಕೇಬಲ್ ಚೆನ್ನಾಗಿ ನಡೆಯುತ್ತದೆ.

ಫೈಬರ್ ಹಾಕಿಸಿದ ದಿನವೇ ಫೋನಿನ ಸೆಟ್ಟಿಂಗ್ಸ್‌ನಲ್ಲಿ ವೈಫೈ ಕಾಲಿಂಗ್ ಎಂಬುದನ್ನು ಆನ್ ಮಾಡಿ. ಆಮೇಲೆ ಟವರ್ ಸಿಗದಿದ್ದರೂ ಅದೇ ನಂಬರಿಗೆ ಮಾಮೂಲಿ ಕರೆ ವೈಫೈ ಮೂಲಕವೇ ಬರುತ್ತದೆ, ಬೇರೆ ದುಡ್ಡಿಲ್ಲ. ದೊಡ್ಡಮ್ಮನ ಮನೆಗೆ ನಾವು ಕೊನೆಗೆ ಆರಿಸಿದ್ದು ಫೈಬರನ್ನು, ಮುಖ್ಯವಾಗಿ ಇದಕ್ಕಾಗಿಯೇ. ಚಾವಣಿಯ ಮೇಲೆ 5ಜಿ ಹಿಡಿಯಲು ತೋಟದ ಮರಗಳು ಬಿಡಲಿಲ್ಲ, ಕೇಬಲ್‌ನವನು ಪಕ್ಕದ ಊರಿನವನೇ. ಈಗ ಅವರು ಒಲೆಯ ಮುಂದೆ ಕೂತೇ ಮಗನ ಫೋನ್ ಎತ್ತುತ್ತಾರೆ. ಕೇಬಲ್ ಕಡಿದ ದಿನಕ್ಕೆಂದು ಬೇರೆ ಕಂಪನಿಯ ಇನ್ನೊಂದು ಸಿಮ್ ಫೋನಿನ ಎರಡನೇ ಜಾಗದಲ್ಲಿದೆ.

ಹಾಕಿಸುವಾಗ ವರ್ಷದ ದುಡ್ಡು ಒಟ್ಟಿಗೆ ಕಟ್ಟಿದರೆ ಒಂದೆರಡು ತಿಂಗಳು ಉಚಿತ ಎಂದು ಹೇಳುತ್ತಾರೆ. ಒಂದು ಮಳೆಗಾಲ ಕಳೆಯುವವರೆಗೆ ತಿಂಗಳು ತಿಂಗಳೇ ಕಟ್ಟಿ.